ನಿದಾನವಿಲ್ಲದ ಮದ್ದು

'ನಿದಾನ' ಮತ್ತು 'ನಿಧಾನ' ಎಂಬ ಎರಡು ಶಬ್ದಗಳಲ್ಲಿ ಒಂದರ ಬದಲಿಗೆ ಇನ್ನೊಂದನ್ನು ನಮ್ಮ ವಿದ್ಯಾರ್ಥಿಗಳು ಬರೆಯುವುದು ವರ್ಷವರ್ಷವೂ ನಡೆದುಬಂದ ಸಂಗತಿ. ಅಲ್ಪಪ್ರಾಣದ ದಕಾರವುಳ್ಳದ್ದು ವೈದ್ಯಶಾಸ್ತ್ರದ ಮಾತು; ರೋಗದ ಮೂಲಕಾರಣವನ್ನು ಅರಿಯುವುದು ಅದರ ಅರ್ಥ. ಮಾಧವಕರನ ಪ್ರಸಿದ್ಧ ಗ್ರಂಥಕ್ಕೆ 'ಮಾಧವನಿದಾನ' ಎಂಬ ಹೆಸರು ಬಂದದ್ದು ಇದರಿಂದಲೇ. ಮಹಾಪ್ರಾಣದ ಧಕಾರವುಳ್ಳದ್ದು ಹಳೆಯ ಕಾವ್ಯಗಳಲ್ಲಿ ನಿಧಿ, ಹೂಳಿಟ್ಟ ಸಂಪತ್ತು. ಇಂದಿನ ಬಳಕೆಯಲ್ಲಿ ಸಾವಕಾಶ, ಅವಸರವಿಲ್ಲದಿರುವಿಕೆ. ಕೆಂಪು ಶಾಯಿಯಿಂದ ನಾನು ಇವೆರಡನ್ನೂ ಬೇರ್ಪಡಿಸುತ್ತಲೇ ಬಂದಿದ್ದೇನೆ. ಆದರೆ ನಿಘಂಟಿನಲ್ಲಿ ಬೇರೆಯಾದ ಈ ಎರಡೂ ಬಾಳಿನಲ್ಲಿ ಒಂದನ್ನೊಂದು ಬಿಟ್ಟಿರಲಾರವು. ಸಾವಕಾಶವಿಲ್ಲದವನಿಗೆ ರೋಗದ ಮೂಲ ಸಿಕ್ಕುವುದಿಲ್ಲ. ಮನೆಯೊಳಗಿನ ಕುಂಡದಲ್ಲಿ ಒಂದು ಗಿಡದ ಎಲೆಯಂಚು ಹಳದಿಗೆ ತಿರುಗಿದಾಗ ನಾವು ನಡೆದುಕೊಳ್ಳುವ ರೀತಿಯೇ ಇದಕ್ಕೆ ಸಾಕಷ್ಟು ಸಾಕ್ಷಿ.

ವಿಜಯಪುರದ ಮಗ್ಗುಲಲ್ಲಿರುವ ನಮ್ಮ ಇಟ್ಟಂಗಿಹಾಳದಂಥ ಊರುಗಳಲ್ಲಿ ಮೊದಲು ಮನೆಯ ಗಿಡವೆಂದರೆ ಅಂಗಳದ ತುಳಸಿ, ಹಿತ್ತಲ ಕರಿಬೇವು, ಇಷ್ಟೇ. ಸಿಮೆಂಟಿನ ಮನೆಗಳು ಎದ್ದ ಮೇಲೆ ಪಡಸಾಲೆಯ ಮೂಲೆಗೂ ಕಿಟಕಿಯ ಗೂಡಿಗೂ ಕುಂಡಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ದೂರದೇಶದ ನೆಂಟರು. ಮನಿ ಪ್ಲಾಂಟ್ ಎಂದು ಮನೆಮನೆಯಲ್ಲಿ ಹಬ್ಬಿರುವ ಬಳ್ಳಿಯ ತವರು ಶಾಂತಮಹಾಸಾಗರದ ನಡುವಿನ ಮೊರೆಯಾ ದ್ವೀಪ. ಹಸಿಗಾಳಿಯಲ್ಲಿ, ದೊಡ್ಡ ಮರಗಳ ಮರೆಯಲ್ಲಿ ಬೆಳೆದ ಇಂಥ ಜೀವವನ್ನು ನಾವು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಕಾಯುವ ನಾಡಿಗೆ ಕರೆತಂದಿದ್ದೇವೆ. ಅದು ಒಮ್ಮೊಮ್ಮೆ ಮುಖ ಬಾಡಿಸಿಕೊಂಡರೆ ಆಶ್ಚರ್ಯವೇನು?

ಆಶ್ಚರ್ಯವಿರುವುದು ನಮ್ಮ ಉಪಚಾರದಲ್ಲಿ. ಎಲೆಯಂಚು ಹಳದಿಯಾದುದನ್ನು ಕಂಡೊಡನೆ ನೀರು ಸಾಲದಾಗಿದೆ ಎನ್ನುವವರು ಒಬ್ಬರು. ಗೊಬ್ಬರ ಸಾಲದು ಎನ್ನುವವರು ಇನ್ನೊಬ್ಬರು. ಎಪ್ಸಮ್ ಉಪ್ಪನ್ನು ಕದಡಿ ಹೊಯ್ಯಿರಿ ಎನ್ನುವವರು ಮೂರನೆಯವರು. ಮೂವರೂ ಕೈಯಲ್ಲಿ ತಂಬಿಗೆ ಹಿಡಿದೇ ಮಾತಿಗೆ ತೊಡಗುತ್ತಾರೆ. ಎಲೆಯನ್ನು ತಿರುಗಿಸಿ ನೋಡುವವರು ವಿರಳ. ಹಳದಿಯೆಂದರೆ ಹಸಿವು, ಹಸಿವೆಗೆ ಮದ್ದು ಇನ್ನಷ್ಟು ಉಣಿಸುವುದು, ಇದು ನಮ್ಮ ತರ್ಕ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ನಮ್ಮ ಸೀಮೆಯಲ್ಲಿ ಕುಂಡದ ಗಿಡದ ಅಂಚು ಹಳದಿಯಾದರೆ ಮೊದಲು ಸಂಶಯಿಸಬೇಕಾದದ್ದು ಕೊರತೆಯನ್ನಲ್ಲ, ಅತಿಯನ್ನು.

ಹಳದಿಯೆಲ್ಲ ರೋಗವೂ ಅಲ್ಲ. ಬುಡದ ಹಳೆಯ ಎಲೆಯೊಂದು ಇಡಿಯಾಗಿ ಹಳದಿಗೊಂಡು ಕಳಚಿ ಬೀಳುವುದಕ್ಕೆ ಕನ್ನಡಿಗರು 'ಹಣ್ಣೆಲೆ' ಎಂದರು. ಕಾಯಿ ಹಣ್ಣಾದಂತೆ ಎಲೆಯೂ ಹಣ್ಣಾಗುತ್ತದೆಂದು ತಿಳಿದ ಜನ ಅವರು. ಉದುರುವ ಮುನ್ನ ಅಂಥ ಎಲೆ ತನ್ನಲ್ಲಿದ್ದ ಸಾರದ ಬಹುಭಾಗವನ್ನು ಗಿಡಕ್ಕೆ ಒಪ್ಪಿಸಿಯೇ ಹೋಗುತ್ತದೆ. ಅದಕ್ಕೆ ಮದ್ದು ಬೇಡ. ರೋಗದ ಹಳದಿಗೆ ಬೇರೆಯೇ ಹೆಸರುಂಟು. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಚಳಿ, ಗಾಳಿ, ಬಿಸಿಲುಗಳಿಂದ ಗಿಡಕ್ಕೆ ರೋಗ ಬರುತ್ತದೆಂದು ಹೇಳಿ, ಅದರ ಲಕ್ಷಣಗಳಲ್ಲಿ ಮೊದಲನೆಯದಾಗಿ 'ಪಾಂಡುಪತ್ರತೆ'ಯನ್ನು ಎಣಿಸಿದ್ದಾನೆ. ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಆಮೇಲಿನವು. ಚಿಕಿತ್ಸೆಯ ಮಾತು ಬರುವುದು ಈ ಲಕ್ಷಣಗಳೆಲ್ಲ ಮುಗಿದ ಮೇಲೆ. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ಚಾವುಂಡರಾಯನು (ಗೊಮ್ಮಟನನ್ನು ಮಾಡಿಸಿದವನಲ್ಲ, ಅವನ ತರುವಾಯದವನು) 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನ ಕೊಟ್ಟಿದ್ದಾನೆ. ಗಿಡದ ಬೇನೆಯನ್ನು ಓದಿ ತಿಳಿಯಬೇಕು ಎಂಬುದು ನಮಗೆ ಹೊಸ ಪಾಠವೇನಲ್ಲ.

ಓದುವುದಕ್ಕೆ ಎರಡು ಪ್ರಶ್ನೆಗಳು ಸಾಕು. ಹಳದಿ ಯಾವ ಎಲೆಯಲ್ಲಿದೆ? ಎಲೆಯ ಯಾವ ಭಾಗದಲ್ಲಿದೆ? ಸಾರಜನಕ, ಪೊಟ್ಯಾಶಿಯಂ, ಮೆಗ್ನೀಸಿಯಂಗಳು ಗಿಡದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬಲ್ಲವು. ಅವುಗಳ ಕೊರತೆಯಾದಾಗ ಗಿಡವು ಹಳೆಯ ಎಲೆಗಳಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಬರಗಾಲದಲ್ಲಿ ಮನೆಯ ಹಿರಿಯರು ತಮ್ಮ ಪಾಲಿನ ರೊಟ್ಟಿಯನ್ನು ಮಕ್ಕಳ ತಾಟಿಗೆ ಸರಿಸಿದಂತೆ. ಆದಕಾರಣ ಇವುಗಳ ಹಸಿವು ಮೊದಲು ತೋರುವುದು ಕೆಳಗಿನ ಎಲೆಗಳಲ್ಲಿ. ಸಾರಜನಕ ಕಡಮೆಯಾದರೆ ಎಲೆ ಇಡಿಯಾಗಿ ಬಿಳಿಚುತ್ತದೆ. ಮೆಗ್ನೀಸಿಯಂ ಕಡಮೆಯಾದರೆ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಪೊಟ್ಯಾಶಿಯಂ ಕಡಮೆಯಾದರೆ ಅಂಚು ಹಳದಿಯಾಗಿ, ಬಳಿಕ ಸುಟ್ಟಂತೆ ಕಂದಾಗುತ್ತದೆ. ಕಬ್ಬಿಣವು ಹೀಗೆ ಸಾಗುವ ವಸ್ತುವಲ್ಲ. ಅದರ ಕೊರತೆಯಲ್ಲಿ ಹಳೆಯ ಎಲೆ ಹಸಿರಾಗಿಯೇ ಇದ್ದು ಹೊಸ ಎಲೆ ಬಿಳಿಚಿಕೊಂಡು ಹುಟ್ಟುತ್ತದೆ. ಸುಣ್ಣದಂಶ ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಎಟುಕದು. ಅಲ್ಲಿ ಸಾರಜನಕದ ಗೊಬ್ಬರವನ್ನು ಎಷ್ಟು ಸುರಿದರೂ ವ್ಯರ್ಥವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಅಂಚಿನ ಹಳದಿಗೆ ಪೊಟ್ಯಾಶಿಯಂ ಹಾಕಿದರಾಯಿತಲ್ಲವೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಸಾವಕಾಶ ಬೇಕಾಗುವುದು. ಬೇರು ಹೀರಿದ ನೀರು ಎಲೆಗೆ ಏರಿ ಆವಿಯಾಗಿ ಹೋಗುತ್ತದೆ; ಆ ನೀರಿನಲ್ಲಿ ಕರಗಿ ಬಂದ ಲವಣ ಮಾತ್ರ ಆವಿಯಾಗದು. ಅದು ನೀರಿನ ದಾರಿ ಮುಗಿಯುವಲ್ಲಿ, ಎಂದರೆ ತುದಿಯಲ್ಲಿ ಮತ್ತು ಅಂಚಿನಲ್ಲಿ, ದಿನದಿನವೂ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬತ್ತುವ ಕೆರೆಯ ದಡದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲವಣ ಅಳತೆ ಮೀರಿದಾಗ ಆ ಅಂಚು ಮೊದಲು ಹಳದಿಯಾಗಿ, ಆಮೇಲೆ ಸುಡುತ್ತದೆ. ಹಸಿವಿನ ಅಂಚೂ ಉಪ್ಪಿನ ಅಂಚೂ ದೂರದಿಂದ ಒಂದೇ ಬಗೆಯಾಗಿ ತೋರುತ್ತವೆ. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಗೊಬ್ಬರವೂ ಒಂದು ಲವಣವೆಂಬುದನ್ನು, ಎಪ್ಸಮ್ ಉಪ್ಪು ಹೆಸರಿನಲ್ಲಿಯೇ ಉಪ್ಪೆಂಬುದನ್ನು ನೆನೆದರೆ ಅಪಾಯದ ಅರಿವಾದೀತು.

ನಮ್ಮ ನೀರಿನ ಗುಣವನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ. ಕರಿಕಲ್ಲಿನ ಪದರುಗಳ ಮೇಲೆ ಎರೆಮಣ್ಣು ಹಾಸಿದ ನಾಡಿದು. ಡೋಣಿಯ ತೀರದ ಜೋಳಕ್ಕೆ ಗಾದೆಗಳಲ್ಲಿ ಹೊಗಳಿಕೆಯುಂಟು. ಆದರೆ ಡೋಣಿಯ ನೀರು ಸವಳು. ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಗಟ್ಟಿಯೇ ಇದಕ್ಕೆ ಪ್ರಮಾಣ. ಅದೇ ನೀರು ಕುಂಡಕ್ಕೆ ಬಿದ್ದಾಗ ಅದೇ ಬಿಳಿ ಮಣ್ಣಿನ ಮೇಲೆ, ಕುಂಡದ ಕಂಠದ ಸುತ್ತ ಮೂಡುತ್ತದೆ. ಈಚಿನ ದಿನಗಳಲ್ಲಿ ಇನ್ನೊಂದು ರೂಢಿ ಬಂದಿದೆ. ಮನೆಯಲ್ಲಿಟ್ಟ ಆರ್‌ಒ ಯಂತ್ರ ಕುಡಿಯುವ ನೀರನ್ನು ತೆಗೆದುಕೊಟ್ಟು, ಉಳಿದ ನೀರನ್ನು ಬೇರೆ ನಳಿಕೆಯಿಂದ ಹೊರಗೆ ಬಿಡುತ್ತದೆ. ಬರದ ನಾಡಿನ ಗೃಹಿಣಿ ಹನಿ ನೀರನ್ನೂ ಚೆಲ್ಲಲಾರಳು. ಅದನ್ನು ಗಿಡಗಳಿಗೆ ಹಾಕುತ್ತಾಳೆ. ಉದ್ದೇಶ ಸ್ತುತ್ಯವಾದುದು. ಆದರೆ ಶುದ್ಧವಾದ ಭಾಗವನ್ನು ನಾವು ಕುಡಿದ ಮೇಲೆ, ಅದರಿಂದ ತೆಗೆದ ಲವಣವೆಲ್ಲ ಉಳಿದ ಭಾಗದಲ್ಲಿ ನಿಂತಿರುತ್ತದೆ. ಆ ನೀರು ನೆಲ ಒರೆಸುವುದಕ್ಕೆ, ಪಾಯಖಾನೆ ತೊಳೆಯುವುದಕ್ಕೆ ಯೋಗ್ಯ. ಕುಂಡದ ಗಿಡಕ್ಕೆ ದಿನವೂ ಹಾಕತಕ್ಕದ್ದಲ್ಲ.

ಈ ಎಲ್ಲಕ್ಕೂ ನಮ್ಮ ಒಕ್ಕಲಿಗರ ಬಾಯಲ್ಲಿ ಎಂದಿನಿಂದಲೋ ಒಂದು ಜೋಡುಮಾತಿದೆ: ಸವಳು-ಜವಳು. ಉಪ್ಪು ಏರಿದ ನೆಲ ಸವಳು. ನೀರು ಬಸಿಯದೆ ನಿಂತ ನೆಲ ಜವಳು. ಕುಂಡದ ಗಿಡಗಳ ಹಳದಿಯ ಬಹುಪಾಲನ್ನು ಈ ಎರಡೇ ಮಾತುಗಳಿಂದ ವಿವರಿಸಬಹುದೆಂದು ನನಗೆ ತೋರುತ್ತದೆ. ಹೊಲದ ಭಾಷೆ ಪಡಸಾಲೆಗೆ ಬಾರದಿರುವುದೇ ನಮ್ಮ ಕಷ್ಟ. ಮಣ್ಣಿನ ಮೇಲೆ ಬಿಳಿಪೊರೆ, ಎಲೆಯ ತುದಿ-ಅಂಚುಗಳಲ್ಲಿ ಒಣ ಸುಡುವಿಕೆ ಕಂಡರೆ ಸವಳು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿದಾಗ ಹಸಿಯಾಗಿ ಅಂಟಿಕೊಂಡರೆ, ಎಲೆ ಮೆತ್ತಗೆ ಜೋತುಬಿದ್ದು ಹಳದಿಯಾಗಿದ್ದರೆ, ಮಣ್ಣು ಕಮಟು ನಾರಿದರೆ ಜವಳು. ಉಸಿರುಕಟ್ಟಿದ ಬೇರು ಕೊಳೆಯುತ್ತಿದೆಯೆಂದು ತಿಳಿಯಬೇಕು. ಮಣ್ಣು ಪುಡಿಯಾಗಿ ಉದುರಿ, ಕುಂಡ ಎತ್ತಿದರೆ ಹಗುರಾಗಿದ್ದು, ಅಂಚು ಗರಿಗರಿಯಾಗಿದ್ದರೆ ಮಾತ್ರ ಅದು ನಿಜವಾದ ಬಾಯಾರಿಕೆ. ಮೂರಕ್ಕೂ ಒಂದೇ ತಂಬಿಗೆ ನೀರು ಮದ್ದಾಗಲು ಸಾಧ್ಯವೆ?

ಸವಳಿನ ಉಪಚಾರ ಕಷ್ಟದ್ದಲ್ಲ. ಮೇಲಿನ ಬಿಳಿಪೊರೆಯನ್ನು ಕೆರೆದು ತೆಗೆಯಬೇಕು. ಕುಂಡದ ತಳದ ತೂತು ಮುಚ್ಚಿಲ್ಲವೆಂದು ನೋಡಿಕೊಂಡು, ಹಿಡಿದಿಟ್ಟ ಮಳೆನೀರನ್ನು, ಅದಿಲ್ಲದಿದ್ದರೆ ಕೊಲ್ಹಾರದಿಂದ ನಗರಕ್ಕೆ ಬರುವ ಕೃಷ್ಣೆಯ ನೀರನ್ನು, ಕುಂಡದ ಅಳತೆಯ ಎರಡು ಮೂರು ಪಟ್ಟು, ಸಾವಕಾಶವಾಗಿ ಹೊಯ್ದು ತಳದಿಂದ ಪೂರ್ತಿ ಬಸಿಯಲು ಬಿಡಬೇಕು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಇಲ್ಲದಿದ್ದರೆ ಹೊರಟ ಉಪ್ಪು ಮತ್ತೆ ಒಳಗೇರುತ್ತದೆ. ಕೆಲವು ವಾರ ಗೊಬ್ಬರ ಕೂಡದು. ಜವಳಾಗಿದ್ದರೆ ಇದಾವುದೂ ಬೇಡ; ಮಣ್ಣು ಆರುವವರೆಗೆ ನೀರು ನಿಲ್ಲಿಸಿ, ಬೆಳಕು ಬರುವಲ್ಲಿ ಇಟ್ಟರೆ ಸಾಕು, ಬೇರು ಕೊಳೆತಿದ್ದರೆ ಮಣ್ಣು ಬದಲಿಸಬೇಕು. ಒಮ್ಮೆ ಸುಟ್ಟ ಅಂಚು ಮರಳಿ ಹಸಿರಾಗುವುದಿಲ್ಲ. ಗುಣವಾಯಿತೋ ಇಲ್ಲವೋ ಎಂಬುದನ್ನು ಮುಂದೆ ಬರುವ ಹೊಸ ಎಲೆಯೇ ಹೇಳಬೇಕು, ಅದಕ್ಕಾಗಿ ಕಾಯಬೇಕು. ಮೂರನೆಯ ದಿನಕ್ಕೆ ಫಲ ಕಾಣಲಿಲ್ಲವೆಂದು ಇನ್ನೊಂದು ಮದ್ದನ್ನು ಹುಡುಕುವವರಿಂದ ಗಿಡ ಸಾಯುತ್ತದೆ.

ಹೀಗೆ ಓದುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರನ್ನು ನೋಡಬೇಕು. ದ್ರಾಕ್ಷಿಬಳ್ಳಿ ಉಪ್ಪಿಗೆ ಬೇಗ ನೋಯುವಂಥದು. ಅದರ ನೋವು ಕಾಣುವುದೂ ಎಲೆಯಂಚಿನಲ್ಲಿಯೇ. ಅವರು ಅಂಚು ಸುಟ್ಟಿತೆಂದು ಮೂಟೆ ಗೊಬ್ಬರ ಸುರಿದು ಕುಳಿತುಕೊಳ್ಳಲಿಲ್ಲ. ಎಲೆಯ ತೊಟ್ಟುಗಳನ್ನು ಪರೀಕ್ಷೆಗೆ ಕಳುಹಿಸಿ ಯಾವುದು ಹೆಚ್ಚು, ಯಾವುದು ಕಡಮೆ ಎಂದು ತಿಳಿದರು. ಡಾಗ್‌ರಿಜ್ ಎಂಬ, ಉಪ್ಪನ್ನು ತಾಳಬಲ್ಲ ಅಮೆರಿಕದ ಬಳ್ಳಿಯನ್ನು ಕೆಳಗೆ ನೆಟ್ಟು ಅದರ ಮೇಲೆ ತಮ್ಮ ದ್ರಾಕ್ಷಿಯನ್ನು ಕಸಿಮಾಡಿದರು. ಬೇನೆ ಕಂಡದ್ದು ಎಲೆಯಲ್ಲಿ. ಅವರು ಬದಲಿಸಿದ್ದು ಬೇರನ್ನು. ಹೆಚ್ಚು ಓದಿದವರೆನಿಸಿಕೊಂಡ ನಾವು ಕುಂಡದ ಮುಂದೆ ತೋರದ ವಿವೇಕವನ್ನು ಅವರು ತೋಟದಲ್ಲಿ ತೋರಿದ್ದಾರೆ.

ಒಂದು ಕುಂಡದ ಗಿಡಕ್ಕಾಗಿ ಇಷ್ಟೊಂದು ಮಾತೇಕೆ, ಸತ್ತರೆ ಇನ್ನೊಂದನ್ನು ತಂದರಾಯಿತು ಎನ್ನುವವರುಂಟು. ಕುಂಡದ ಮಟ್ಟಿಗೆ ಅದು ನಿಜ. ಆದರೆ ಕುಂಡ ಹೊಲದ ಕಿರಿಯ ರೂಪವೆಂಬುದನ್ನು ಮರೆಯಬಾರದು. ತಳದ ತೂತು ಮುಚ್ಚಿದ ಕುಂಡಕ್ಕೆ ಆರು ತಿಂಗಳಲ್ಲಿ ಆಗುವುದು, ಬಸಿಗಾಲುವೆಯಿಲ್ಲದ ಹೊಲಕ್ಕೆ ಕೆಲವು ವರ್ಷಗಳಲ್ಲಿ ಆಗುತ್ತದೆ. ಮಲಪ್ರಭೆ, ಘಟಪ್ರಭೆಗಳ ಅಚ್ಚುಕಟ್ಟಿನಲ್ಲಿಯೂ ಕೃಷ್ಣಾ ಮೇಲ್ದಂಡೆಯ ಅಚ್ಚುಕಟ್ಟಿನಲ್ಲಿಯೂ ಒಳ್ಳೆಯ ಎರೆಭೂಮಿ ಸವಳು-ಜವಳಾದದ್ದನ್ನು ನಾವು ಕಂಡಿದ್ದೇವೆ. ಈಗ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ನಮ್ಮ ಕಡೆಗೂ ಹರಿಯುತ್ತಿದೆ. ಎಷ್ಟೋ ತಲೆಮಾರುಗಳು ಮುಗಿಲು ನೋಡಿ ಬಾಳಿದ ಈ ನೆಲಕ್ಕೆ ನೀರು ಬೇಡವೆನ್ನುವ ಎದೆ ಯಾರಿಗಿದೆ? ಬರಲಿ, ತುಂಬಿ ಬರಲಿ. ಆದರೆ ನೀರು ಬಂದ ಸಂಭ್ರಮದಲ್ಲಿ, ಬಂದ ನೀರು ಬಸಿದುಹೋಗುವ ದಾರಿಯನ್ನು ಮರೆತೆವಾದರೆ, ದಾಹದಿಂದ ಉಳಿದ ನೆಲ ಉಪ್ಪಿನಿಂದ ಹೋಗುತ್ತದೆ. ಆಗಲೂ ಮೊದಲ ಎಚ್ಚರಿಕೆ ಕಾಣಿಸುವುದು ಬೆಳೆಯ ಎಲೆಯಂಚಿನಲ್ಲಿಯೇ. ಆಗಲೂ ಅದನ್ನು ಹಸಿವೆಂದು ತಿಳಿದು ಇನ್ನೊಂದು ಚೀಲ ಗೊಬ್ಬರ ತರುವ ಆಸೆ ಬರದಿರದು.

ಇದಕ್ಕೆ ಬೇಕಾದ ಅನುಕೂಲಗಳು ದೂರವೇನಿಲ್ಲ. ಹಿಟ್ಟಿನಹಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಮಣ್ಣನ್ನೂ ನೀರನ್ನೂ ಬಲ್ಲ ವಿದ್ವಾಂಸರಿದ್ದಾರೆ. ಕಾಲುವೆ ತೋಡುವ ದಿನವೇ ಬಸಿಗಾಲುವೆಯನ್ನೂ ತೋಡಬೇಕೆಂದು ಕೇಳುವುದು ರೈತರ ಹಕ್ಕು. ಬಿತ್ತುವ ಮುನ್ನ ಮಣ್ಣನ್ನೂ ನೀರನ್ನೂ ಪರೀಕ್ಷಿಸಿಕೊಳ್ಳುವುದು ಅವರ ಹೊಣೆ. ಪಟ್ಟಣದವರು ಈ ಅಭ್ಯಾಸವನ್ನು ಕಿಟಕಿಯ ಕುಂಡದಿಂದ ಆರಂಭಿಸಬಹುದು. ಎಲೆ ಹಳದಿಯಾದ ದಿನ ಏನನ್ನೂ ಹಾಕದೆ, ಅದು ಯಾವ ಎಲೆ, ಹಳದಿ ಎಲ್ಲಿದೆ, ಮಣ್ಣು ಹೇಗಿದೆ ಎಂದು ನೋಡುವುದು. ಕುಂಡ ಕೆಟ್ಟರೆ ಇನ್ನೊಂದು ಕುಂಡ ಸಿಕ್ಕೀತು. ಎರೆಹೊಲ ಸವಳಾದರೆ ಅದನ್ನು ತಿದ್ದುವುದರಲ್ಲಿ ಒಬ್ಬನ ಆಯುಷ್ಯವೇ ಕಳೆದುಹೋಗುತ್ತದೆ.