ಹಿಮಕುಸಿತವೂ ಎಚ್ಚರಿಕೆಯೂ

2025ನೆಯ ಫೆಬ್ರವರಿ 28ರಂದು ಬದರೀನಾಥಕ್ಕೆ ಸಮೀಪವಾದ ಮಾಣಾ ಗ್ರಾಮದ ಬಳಿ, ಗಡಿರಸ್ತೆಯ ಕೂಲಿಗಾರರ ಬಿಡಾರದ ಮೇಲೆ ಹಿಮರಾಶಿಯು ಜರಿದುಬಿದ್ದು 54 ಮಂದಿ ಸಿಕ್ಕಿಕೊಂಡರು. 46 ಮಂದಿ ಬದುಕಿದರು; 8 ಮಂದಿ ಅಸುನೀಗಿದರು. ಆ ಪ್ರಾಂತಕ್ಕೆ ಹಿಮಕುಸಿತದ ಭಯವುಂಟೆಂದು ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಸಂಶೋಧನಾಲಯವು ಹಿಂದಿನ ದಿನವೇ ಸಾರಿತ್ತು. ಆದರೂ ಬಿಡಾರದಲ್ಲಿ ಜನರಿದ್ದರು. ನಮ್ಮನ್ನು ಕಳವಳಗೊಳಿಸುವ ಸಂಗತಿಯು ಇದೇ.

ಹಿಮಗಾಳಿಯು ನಿಂತು ಆಕಾಶವು ತಿಳಿಯಾದೊಡನೆ ವಿಪತ್ತು ಕಳೆಯಿತೆಂದು ಭಾವಿಸುವುದು ಮನುಷ್ಯಸ್ವಭಾವ. ವಸ್ತುಸ್ಥಿತಿಯು ಬೇರೆ. ಹೊಸ ಹಿಮವು ಹಳೆಯ ಪದರದೊಡನೆ ಬೆಸೆದುಕೊಳ್ಳಲು ಕಾಲ ಬೇಕು. ಹಿಮ ಸುರಿಯುವಾಗಲೂ ಅನಂತರದ ಒಂದೆರಡು ದಿನಗಳಲ್ಲಿಯೂ ಭಯವು ಅತ್ಯಧಿಕ. ಅಡಿಯ ಪದರವು ದುರ್ಬಲವಾಗಿದ್ದರೆ ಅದು ವಾರಗಟ್ಟಲೆ ಉಳಿಯುವುದೂ ಉಂಟು. 30ರಿಂದ 45 ಡಿಗ್ರಿಗಳವರೆಗಿನ ಇಳಿಜಾರುಗಳೇ ಹೆಚ್ಚಾಗಿ ಕುಸಿಯತಕ್ಕವು. ಅವುಗಳಲ್ಲಿಯೂ ಗಾಳಿಯು ಹಿಮವನ್ನು ತಂದು ರಾಶಿಹಾಕಿದ ಮರೆಯ ಮಗ್ಗುಲನ್ನು ಎಂದಿಗೂ ನಂಬಲಾಗದು. ಆಸುಪಾಸಿನಲ್ಲಿ ಹೊಸದಾಗಿ ಕುಸಿದ ಗುರುತು, ಕಾಲಿಟ್ಟೆಡೆಯಿಂದ ಓಡುವ ಬಿರುಕು, ನೆಲದೊಳಗಿಂದ ಬಂದಂತೆ ಕೇಳುವ ‘ಧೊಪ್’ ಎಂಬ ಸದ್ದು, ಹಠಾತ್ತನೆ ಏರುವ ಬಿಸಿಲು—ಇವುಗಳಲ್ಲಿ ಒಂದು ಕಂಡರೂ ಹಿಂದಿರುಗತಕ್ಕದ್ದು. ಚಾರಣದಲ್ಲಿ ಹೂತುಹೋದವರ ಪೈಕಿ ಬಹುಮಂದಿಯ ಮೇಲೆ ಹಿಮವನ್ನು ಕೆಡವಿದ್ದು ಅವರದೋ ಅವರ ಸಂಗಡಿಗರದೋ ಹೆಜ್ಜೆಯೇ.

ಹೂತವರನ್ನು ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬಹುಮಟ್ಟಿಗೆ ಬದುಕುವರು. ಅರ್ಧ ಗಂಟೆ ಕಳೆದರೆ ಆಸೆಯು ಅತ್ಯಲ್ಪ. ಊರಿನಿಂದ ನೆರವು ಬರುವಷ್ಟು ವ್ಯವಧಾನವಿಲ್ಲ. ಸಂಕೇತಯಂತ್ರ, ಶೋಧಿಸುವ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರಲ್ಲಿಯೂ ಇರಬೇಕು. 2016ರಲ್ಲಿ ಸಿಯಾಚಿನ್‌ನಲ್ಲಿ ಹೂತುಹೋದ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ವೀರ ಹನುಮಂತಪ್ಪ ಕೊಪ್ಪದರು ಆರು ದಿನಗಳ ಮೇಲೆ ಸಜೀವರಾಗಿ ದೊರೆತುದು ಅಪೂರ್ವವೇ ಸರಿ. ಅವರೂ ಫೆಬ್ರವರಿ 11ರಂದು ನಮ್ಮನ್ನಗಲಿದರು. ಅಪೂರ್ವವಾದುದನ್ನು ನೆಚ್ಚಿ ಯಾರೂ ಬೆಟ್ಟವನ್ನೇರಲಾಗದು.

ಹಿಮಾಲಯದ ಚಾರಣಕ್ಕೆ ಪ್ರತಿವರ್ಷವೂ ಹೊರಡುವ ಕನ್ನಡದ ತರುಣರಿಗೂ ಅವರ ತಾಯಿತಂದೆಗಳಿಗೂ ಇದನ್ನು ಹೇಳುವುದು ನಮ್ಮ ಕರ್ತವ್ಯ. ಸರ್ಕಾರಕ್ಕೆ ನಾವು ಸೂಚಿಸುವುದಿಷ್ಟು: ಎಚ್ಚರಿಕೆಯ ಪ್ರಕಟಣೆಯು ಕಾಗದದಲ್ಲಿಯೇ ಉಳಿಯಬಾರದು. ಭಯವು ಮಿತಿಮೀರಿದೆಯೆಂದು ಸಾರಿದ ಕ್ಷಣವೇ ಬಿಡಾರವನ್ನು ತೆರವುಮಾಡಿಸುವ, ಚಾರಣವನ್ನು ತಡೆಯುವ ಅಧಿಕಾರವು ಸ್ಥಳದಲ್ಲಿರುವ ಅಧಿಕಾರಿಗೆ ಇರಬೇಕು. ಕೆಲಸ ನಿಂತಿತೆಂದು ಆತನನ್ನು ಯಾರೂ ಆಕ್ಷೇಪಿಸಕೂಡದು. ಕೂಲಿಗಾರನ ದಿನಗೂಲಿಯೂ ಕಡಿತವಾಗಕೂಡದು. ಒಂದು ದಿನದ ಕೆಲಸವನ್ನು ಮರುದಿನ ಮಾಡಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಪದ್ಧತಿಯು ಇನ್ನಾದರೂ ನಿಲ್ಲಲಿ.