ಟೆಂಡರ್ ಪೆಟ್ಟಿಗೆ ಹೋಯಿತು, ಷರತ್ತು ಉಳಿಯಿತು

ಕೆಟಿಪಿಪಿ ಎಂದೇ ಎಲ್ಲರ ಬಾಯಲ್ಲಿರುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 4ರಂದು. ಕಾಲು ಶತಮಾನ ಕಳೆದಿದೆ. ಅದಕ್ಕೆ ಮುಂಚೆ ಸರ್ಕಾರಿ ಗುತ್ತಿಗೆಗೆ ಎಷ್ಟೋ ಕಡೆ ದರಕ್ಕಿಂತ ತೋಳ್ಬಲವೇ ಮುಖ್ಯವಾಗಿತ್ತು. ಟೆಂಡರ್ ಶೆಡ್ಯೂಲ್ ಕೈಗೆ ಸಿಗದಂತೆ ಮಾಡುವುದು, ಲಕೋಟೆ ಹಾಕಲು ಬಂದವರನ್ನು ಕಚೇರಿ ಗೇಟಿನಲ್ಲೇ ಅಡ್ಡಗಟ್ಟುವುದು ಮಾಮೂಲಿ. 2007ರಲ್ಲಿ ಬಂದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಆ ಆಟ ನಿಲ್ಲಿಸಿತು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಶೆಡ್ಡಿನಲ್ಲಿ ಕೂತೇ ರಾಯಚೂರಿನ ಟೆಂಡರ್‌ಗೆ ದರ ನಮೂದಿಸುವುದು ಸಾಧ್ಯವಾಯಿತು.

ಈ ಗೆಲುವು ಸಣ್ಣದಲ್ಲ. ಆದರೂ ಪೈಪೋಟಿಯ ತೀರ್ಮಾನ ಈಗ ದರ ತೆರೆಯುವ ದಿನಕ್ಕೆ ಕಾಯುವುದಿಲ್ಲ, ಟೆಂಡರ್ ದಾಖಲೆ ಸಿದ್ಧವಾಗುವ ಮೇಜಿನ ಮೇಲೇ ಆಗಿಬಿಡುತ್ತದೆ. ಮೂರು ವರ್ಷದ ವಹಿವಾಟು ಇಷ್ಟಿರಬೇಕು, ಇದೇ ಬಗೆಯ ಕೆಲಸ ಇಷ್ಟು ಮೊತ್ತಕ್ಕೆ ಮಾಡಿರಬೇಕು ಎಂಬ ಎರಡು ಸಾಲು ಸಾಕು, ಅರ್ಧ ಪೀಣ್ಯ ಹೊರಗೆ. ಹತ್ತು ಚಿಕ್ಕ ಕೆಲಸ ಸೇರಿಸಿ ‘ಪ್ಯಾಕೇಜ್’ ಕಟ್ಟಿದರೆ ಉಳಿದರ್ಧವೂ ಹೊರಗೆ.

ಟೆಂಡರನ್ನೇ ಕರೆಯದ ದಾರಿಯೂ ಕಾಯ್ದೆಯೊಳಗೇ ಇದೆ. ಕಲಂ 4(ಜಿ) ಅಡಿ ಅಧಿಸೂಚನೆ ಹೊರಡಿಸಿದರೆ ಸರ್ಕಾರ ಯಾವುದೇ ಖರೀದಿಗೆ ವಿನಾಯಿತಿ ಕೊಡಬಹುದು. ಅದರ ಫಲ ಉಂಡವರಲ್ಲಿ ಗ್ರಾಮೀಣ ಮೂಲಸೌಕರ್ಯದ ಕೆಆರ್‌ಐಡಿಎಲ್, ಕಿಯೋನಿಕ್ಸ್‌ನಂಥ ಸರ್ಕಾರದ್ದೇ ನಿಗಮಗಳಿವೆ. ಅದರ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗರ ಕಾಲದಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದೂ ಇದೇ ಕಿಯೋನಿಕ್ಸ್. ಉದ್ದಿಮೆಗಳಿಗೆ ನೆಲ ಒದಗಿಸಿದ ಸಂಸ್ಥೆ ಈಗ ಇಲಾಖೆಗಳಿಗೂ ಮಾರಾಟಗಾರರಿಗೂ ನಡುವೆ ಮಧ್ಯವರ್ತಿಯಾಗಿ ನಿಂತಿದೆ. ಪ್ರವಾಹ, ಬರಗಳ ತುರ್ತಿಗೆ ಕಾಯ್ದೆಯಲ್ಲಿ ಬೇರೆಯೇ ವಿನಾಯಿತಿ ಇರುವಾಗ, 4(ಜಿ) ಇಷ್ಟು ಸಲೀಸಾಗಿ ಯಾಕೆ ಬೇಕು?

ಟೆಂಡರ್ ಕರೆದಾಗಲೂ, ಒಂದೇ ಲೇತಿನ ಮುಂದೆ ನಿಂತ ಸಣ್ಣ ಘಟಕದ ಮಾಲೀಕ ಎರಡು ಕಾನೂನುಗಳ ಜೊತೆ ಏಗುತ್ತಾನೆ. ಎಚ್‌ಎಎಲ್, ಬಿಇಎಲ್‌ಗೆ ಬಿಡಿಭಾಗ ಕೊಡುವಾಗ ಕೇಂದ್ರದ 2012ರ ಖರೀದಿ ನೀತಿ ಆದೇಶ ಅವನ ಬೆನ್ನಿಗಿದೆ. ಕಿರು ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕಾದ ಪಾಲು ಶೇ 20ರಿಂದ 2018ರಲ್ಲಿ ಶೇ 25ಕ್ಕೆ ಏರಿತು, ಟೆಂಡರ್ ಠೇವಣಿ (ಇಎಂಡಿ) ಇಲ್ಲ, ಅತಿ ಕಡಿಮೆ (ಎಲ್1) ದರಕ್ಕಿಂತ ಶೇ 15ರವರೆಗೆ ಹೆಚ್ಚಿದ್ದರೂ ಆ ದರಕ್ಕೇ ಇಳಿದು ಒಂದು ಪಾಲು ಪಡೆಯಬಹುದು. ರಾಜ್ಯದ ಬೆಸ್ಕಾಂಗೋ ಜಲಮಂಡಳಿಗೋ ಹೋದರೆ ಆ ಆದೇಶ ನಡೆಯದು, ಅಲ್ಲಿ ಕೆಟಿಪಿಪಿ.

ಉದ್ದಿಮೆಯವರೂ ಸಾಚಾಗಳಲ್ಲ. ಸ್ನೇಹಿತನ ಹೆಸರಲ್ಲಿ ಹಾಕುವ ಡಮ್ಮಿ ಟೆಂಡರ್ ಇಲ್ಲಿ ತಪ್ಪೆನಿಸುವುದೇ ಇಲ್ಲ, ‘ಸಪೋರ್ಟ್’ ಅನಿಸಿಕೊಳ್ಳುತ್ತದೆ. ಸ್ಪರ್ಧಾ ಕಾಯ್ದೆಗೆ ಅದು ಬಿಡ್ ರಿಗ್ಗಿಂಗ್. ಪುಣೆ ಪಾಲಿಕೆಯ ಕಸ ವಿಲೇವಾರಿ ಟೆಂಡರ್‌ನಲ್ಲಿ ಪೈಪೋಟಿಗಿಳಿದವರ ಬಿಡ್‌ಗಳು ಒಂದೇ ಐಪಿ ವಿಳಾಸದಿಂದ ಹೋಗಿದ್ದವು. 2018ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿತು.

ಕೆಟಿಪಿಪಿ ಕಾಯ್ದೆ ಮುಟ್ಟದೇ ಬಿಟ್ಟದ್ದು ಬಿಲ್ ಪಾವತಿ. ಕಾಮಗಾರಿಗಳಲ್ಲಿ ಶೇ 40 ಕಮಿಷನ್ ಕೇಳುತ್ತಾರೆ ಎಂದು ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದಾಗಲೂ ಅದರೊಳಗಿದ್ದ ಸಂಕಟ, ಹಣ ಬಿಡುಗಡೆಯ ಕೀಲಿ ಬೇರೆಯವರ ಕೈಲಿದೆ ಎಂಬುದೇ. ಎಲ್1 ಯಾರೆಂದು ಪೋರ್ಟಲ್‌ನಲ್ಲಿ ತೋರಿಸುವ ಸರ್ಕಾರ, ಯಾವ ಬಿಲ್ ಯಾವ ದಿನ ಬಂತು, ಯಾವ ದಿನ ಪಾವತಿಯಾಯಿತು ಎಂಬುದನ್ನೂ ಅಲ್ಲೇ ತೋರಿಸಲಿ. ಪಾವತಿ 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕನ್ನು 2006ರ ಎಂಎಸ್‌ಎಂಇ ಕಾಯ್ದೆ ಕೊಟ್ಟಿದೆ. ಕೇಳುವವರು ಕಮ್ಮಿ. ಮುಂದಿನ ಟೆಂಡರನ್ನೂ ಅದೇ ಕಚೇರಿಗೆ ಹಾಕಬೇಕಲ್ಲ.