ಕವಡೆಯ ಲೀಗಿನ ಗೋಲ್‌ಕೀಪರ್

ಕಳೆದ ಬೇಸಗೆಯಲ್ಲಿ ಸಿರುಗುಪ್ಪದ ನಮ್ಮ ಹಳೆಯ ಮನೆಯ ಅಟ್ಟವನ್ನು ತೆರವು ಮಾಡುತ್ತಿದ್ದಾಗ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಕಿರ್ದಿ ಪುಸ್ತಕ ಕೈಗೆ ಬಂದಿತು. ಅದರ ಮೊದಲ ಕೆಲವು ಹಾಳೆಗಳಲ್ಲಿ, ಅಕ್ಕಿಯ ಗಿರಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಬರೆದ ಭತ್ತದ ಚೀಲಗಳ ಲೆಕ್ಕವಿದೆ. ಅಲ್ಲಿಂದ ಮುಂದೆಲ್ಲ ನನ್ನ ಅಕ್ಷರ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಹೊಸಪೇಟೆ, ಸಂಡೂರು, ಗಂಗಾವತಿ, ಕೊಪ್ಪಳ, ರಾಯಚೂರು, ಆದವಾನಿ ಎಂಬ ಹತ್ತು ತಂಡಗಳ ಹಾಕಿ ಲೀಗಿನ ಲೆಕ್ಕ ಅದು. 1999ರ ಬೇಸಗೆಯಿಂದ 2007ರ ಬೇಸಗೆಯವರೆಗೆ, ಬೇಸಗೆ ರಜೆಗೊಂದು, ದಸರಾ ರಜೆಗೊಂದು ಎಂದು ಹದಿನೇಳು ಋತುಗಳು ನಡೆದವು. ಹದಿನೇಳರಲ್ಲಿಯೂ ಸಿರುಗುಪ್ಪದ ಗೋಲನ್ನು ಕಾದವರು ಒಬ್ಬರೇ: ಆಶಿಷ್ ಬಲ್ಲಾಳ.

ಅವರು ಸಿರುಗುಪ್ಪಕ್ಕೆ ಎಂದಾದರೂ ಬಂದಿದ್ದರೆಂದು ಓದುಗರು ಭಾವಿಸಬಾರದು. ಆ ಲೀಗು ನಡೆದದ್ದು ನಮ್ಮ ಪಡಸಾಲೆಯ ಚಾಪೆಯ ಮೇಲೆ, ನಾಲ್ಕು ಕವಡೆಗಳಿಂದ.

ನಮ್ಮ ಸೀಮೆ ಹಾಕಿಯ ಸೀಮೆಯಲ್ಲ. ಕೊಡಗಿನ ಹುಡುಗನಿಗೆ ಹಾಕಿ ಕೋಲು ಮನೆಯ ಮೂಲೆಯಲ್ಲಿಯೇ ಸಿಕ್ಕೀತು. ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳ ನಡುವೆ ಬೆಳೆದ ನಮಗೆ ಅದು ಪತ್ರಿಕೆಯ ಚಿತ್ರದಲ್ಲಿ ಕಂಡ ವಸ್ತು. ಆದರೂ 1998ರ ಡಿಸೆಂಬರಿನಲ್ಲಿ, ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದ ನಾನು, ವಾಚನಾಲಯದಲ್ಲಿ ಒಂದು ಸುದ್ದಿಯನ್ನು ಮೂರು ಸಲ ಓದಿದೆ. ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ದಕ್ಷಿಣ ಕೊರಿಯವನ್ನು ಸೋಲಿಸಿ ಹಾಕಿಯ ಚಿನ್ನವನ್ನು ಗೆದ್ದಿತ್ತು. ಹಿಂದಿನ ಚಿನ್ನ 1966ರದು, ಅದೂ ಬ್ಯಾಂಕಾಕಿನಲ್ಲಿಯೇ. ನಡುವೆ ಮೂವತ್ತೆರಡು ವರ್ಷಗಳು ಉರುಳಿದ್ದವು. ಆಟ ಸಮವಾಗಿ ಮುಗಿದು ಪೆನಾಲ್ಟಿ ಸ್ಟ್ರೋಕುಗಳಿಗೆ ಹೋದಾಗ, ಕೊರಿಯದವರ ಹೊಡೆತಗಳನ್ನು ತಡೆದು ಗೆಲುವನ್ನು ತಂದವರು ಬೆಂಗಳೂರಿನ ಬಲ್ಲಾಳರು.

ಆ ಸ್ಟ್ರೋಕು ಎಂಥದೆಂಬುದನ್ನು ಇಂದಿನ ಹುಡುಗರಿಗೆ ಹೇಳಬೇಕು. ಈಗ ಆಟ ಸಮವಾದರೆ ಹೊಡೆಯುವವನಿಗೆ ಎಂಟು ಸೆಕೆಂಡುಗಳ ಓಟವಿದೆ, ಕಾಯುವವನಿಗೂ ಮುಂದೆ ನುಗ್ಗುವ ಅವಕಾಶವಿದೆ. ಅಂದು ಹಾಗಿರಲಿಲ್ಲ. ಹನ್ನೆರಡು ಅಡಿ ಅಗಲ, ಏಳು ಅಡಿ ಎತ್ತರದ ಗೋಲು. ಏಳೇ ಗಜ ದೂರದಲ್ಲಿ ಚೆಂಡು. ಚೆಂಡು ಹೊರಡುವವರೆಗೆ ಗೋಲ್‌ಕೀಪರನು ಗೆರೆಯ ಮೇಲೆ ಕಾಲನ್ನು ಕದಲಿಸುವಂತಿಲ್ಲ. ಅವನಿಂದ ಯಾರೂ ಏನನ್ನೂ ನಿರೀಕ್ಷಿಸದ ಗಳಿಗೆ ಅದು. ತಡೆದರೆ ಆಶ್ಚರ್ಯ, ತಡೆಯದಿದ್ದರೆ ಆಕ್ಷೇಪಣೆಯೂ ಇಲ್ಲ.

ಅನಂತರ ನಡೆದದ್ದು ಸುದ್ದಿಗಿಂತ ಹೆಚ್ಚಾಗಿ ನನ್ನನ್ನು ಕಲಕಿತು. ಚಿನ್ನ ತಂದ ತಂಡದಿಂದ ನಾಯಕ ಧನರಾಜ್ ಪಿಳ್ಳೆಯವರನ್ನೂ ಬೇರೆ ಕೆಲವು ಹಿರಿಯರನ್ನೂ ಮುಂದಿನ ಸರಣಿಗೆ ಕೈಬಿಟ್ಟರು. ಬಲ್ಲಾಳರೂ ಅವರಲ್ಲಿದ್ದರು. ಅಧಿಕೃತವಾಗಿ ಹೊರಬಿದ್ದ ಮಾತು 'ವಿಶ್ರಾಂತಿ' ಎಂಬುದು. ಸೌಕರ್ಯಗಳ ಕೊರತೆಯನ್ನೂ ಹಣದ ವಿಷಯವನ್ನೂ ಆಟಗಾರರು ಬಾಯಿಬಿಟ್ಟು ಆಡಿದ್ದಕ್ಕೆ ಇದು ಪ್ರತಿಫಲವೆಂದು ಬಹುಮಂದಿ ತಿಳಿದರು. 2000ದ ಸಿಡ್ನಿ ಒಲಿಂಪಿಕ್ಸಿಗೆ ಧನರಾಜರು ಹೋದರು, ಬಲ್ಲಾಳರು ಹೋಗಲಿಲ್ಲ. ಮುಂದಾಳು ಮರಳಿ ಬಂದಾನು, ಅವನ ಗೋಲುಗಳನ್ನು ಜನ ಎಣಿಸಿಟ್ಟಿರುತ್ತಾರೆ. ಆಗದೆ ಹೋದ ಗೋಲುಗಳನ್ನು ಎಣಿಸಿಡುವವರು ಯಾರು? 1966ರ ತಂಡದ ನಾಯಕ ಶಂಕರ್ ಲಕ್ಷ್ಮಣರೂ ಗೋಲ್‌ಕೀಪರರೇ; ಎರಡು ಒಲಿಂಪಿಕ್ ಚಿನ್ನ, ಒಂದು ಬೆಳ್ಳಿ ಕಂಡವರು. 2006ರಲ್ಲಿ ಮಹೂ ಎಂಬ ಊರಿನಲ್ಲಿ ಬಡತನದಲ್ಲಿ ತೀರಿಕೊಂಡರು. 2024ರಲ್ಲಿ ಶ್ರೀಜೇಶರು ನಿವೃತ್ತರಾದಾಗ ಅವರ 16ನೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಗೌರವಿಸಿದರಷ್ಟೆ. ಕಾಲ ಸ್ವಲ್ಪ ತಿದ್ದಿಕೊಂಡಿದೆ ಎನ್ನೋಣ.

ಅದಿರಲಿ. 1999ರ ಬೇಸಗೆಯಲ್ಲಿ ನಾನು ಲೀಗನ್ನು ಆರಂಭಿಸಿದೆ. ನಿಯಮ ಸರಳವಾದುದು. ಮುನ್ನುಗ್ಗುವ ತಂಡದ ಪರವಾಗಿ ಒಂದು ಎಸೆತ, ಗೋಲ್‌ಕೀಪರನ ಪರವಾಗಿ ಒಂದು. ಅಂಗಾತ ಬಿದ್ದ ಕವಡೆಗಳನ್ನು ಎಣಿಸುವುದು. ನಾಲ್ಕೂ ಬೋರಲು ಬಿದ್ದರೆ ಚೌಕಾಬಾರದ ಲೆಕ್ಕದಂತೆ ಎಂಟು. ಮುನ್ನುಗ್ಗಿದವರದು ಹೆಚ್ಚಾದರೆ ಗೋಲು. ಸಮವಾದರೆ ಗೋಲ್‌ಕೀಪರನ ಗೆಲುವು. ಮೂವತ್ತು ದಾಟಿದ ಆಟಗಾರನಿಗೆ ಪ್ರತಿ ಋತುವಿನ ಕೊನೆಗೆ ಒಂದು ಎಸೆತ ಉಂಟು. ಒಂದು ಬಿದ್ದರೆ ಅವನು ನಿವೃತ್ತ. ಹದಿನೇಳು ಋತುಗಳಲ್ಲಿ ಸಿರುಗುಪ್ಪ ಏಳು ಬಾರಿ ಮೊದಲನೆಯ ಸ್ಥಾನಕ್ಕೆ ಬಂದಿತು. ನಮ್ಮ ತಾಯಿ ಒಮ್ಮೆ ಕಸಗುಡಿಸುತ್ತ ನಿಂತು, "ಯಾರಪ್ಪಾ ಆ ಬಲ್ಲಾಳ? ದಿನಾ ಅವನ ಹೆಸರೇ ಬರೀತಿ. ಅವರ ಮನ್ಯಾಗ ಗೊತ್ತೈತೇನು?" ಎಂದು ಕೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ.

ಈ ಪುಸ್ತಕವನ್ನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಗಳು ನಕ್ಕರು. ಅವರೂ ಮೊಬೈಲಿನಲ್ಲಿ ತಂಡ ಕಟ್ಟಿದವರೇ. 2025ರ ಕಾನೂನು ಹಣದ ಆಟಗಳನ್ನು ನಿಷೇಧಿಸುವವರೆಗೆ ಕೆಲವರು ಕಾಸನ್ನೂ ಕಳೆದುಕೊಂಡಿದ್ದರು. ಸಹೋದ್ಯೋಗಿಯೊಬ್ಬರು ಇದನ್ನು ಕಾಲಹರಣವೆಂದರು. ನಾನು ಒಪ್ಪಲಾರೆ. ಅಮೆರಿಕದ ಕಾದಂಬರಿಕಾರ ಜ್ಯಾಕ್ ಕೆರೊವಾಕ್ ಬಾಲ್ಯದಿಂದ ಹಿಡಿದು ಬಹುಕಾಲ ಒಂದು ಕಾಲ್ಪನಿಕ ಬೇಸ್‌ಬಾಲ್ ಲೀಗನ್ನು ನಡೆಸಿದನು. ಅದರ ಚೀಟಿಗಳೂ ವರದಿಗಳೂ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಭದ್ರವಾಗಿವೆ. ರಾಬರ್ಟ್ ಕೂವರ್ 1968ರಲ್ಲಿ ಬರೆದ ಕಾದಂಬರಿಯ ನಾಯಕನು ದಾಳಗಳಿಂದ ಇಂಥದೇ ಲೀಗು ನಡೆಸುವ ಲೆಕ್ಕಿಗ. ಅಷ್ಟು ದೂರವೇಕೆ? ಅರ್ಜುನನನ್ನು ನಾಯಕನನ್ನಾಗಿಟ್ಟುಕೊಂಡ ಪಂಪನು ಕರ್ಣನಿಗೆ ಎಷ್ಟು ಮನಸ್ಸು ಕೊಟ್ಟನೆಂಬುದನ್ನು ನಾವು ಪ್ರತಿ ವರ್ಷವೂ ಪಾಠ ಹೇಳುತ್ತೇವೆ. ಪಟ್ಟಿಯಿಂದ ಬಿದ್ದವನನ್ನು ಇನ್ನೊಂದು ಪಟ್ಟಿಯಲ್ಲಿ ಬರೆದುಕೊಳ್ಳುವುದು ವಿಮರ್ಶೆಯ ಕೆಲಸವೇ. ಮೇಲಾಗಿ ಕವಡೆಗೆ ಯಾರ ಮೇಲೂ ಮುನಿಸಿಲ್ಲ. ಭತ್ಯೆ ಕೇಳಿದವನು ಇವನು ಎಂದು ಅದು ಬೋರಲಾಗುವುದಿಲ್ಲ.

ಹೀಗೆಂದು ತರಗತಿಯಲ್ಲಿ ಹೇಳಿದೆನಾದರೂ, ಮನೆಗೆ ಬಂದು ಪುಸ್ತಕವನ್ನು ಮತ್ತೆ ತಿರುವಿದಾಗ 2004ರ ಬೇಸಗೆಯ ಪುಟದಲ್ಲಿ ಕೈ ನಿಂತಿತು. ಬಲ್ಲಾಳರ ಹೆಸರಿನ ಮುಂದೆ ಒಂದು ಅಂಕಿಯನ್ನು ಬ್ಲೇಡಿನಿಂದ ಕೆರೆದು 'ಮೂರು' ಎಂದು ಬರೆದಿದೆ. ನೆನಪಾಯಿತು. ಅಂದು ಒಂದು ಬಿದ್ದಿತ್ತು. ನಾನು ಕವಡೆಗಳನ್ನು ಬಾಚಿಕೊಂಡು ಇನ್ನೊಮ್ಮೆ ಎಸೆದಿದ್ದೆ. ಅವರ ಕೊನೆಯ ಆರು ಋತುಗಳು, ಏಳು ಗೆಲುವುಗಳಲ್ಲಿ ಮೂರು, ನಾನು ಕೊಟ್ಟವು. ಪ್ರೀತಿಯಿಂದ ಕೊಟ್ಟದ್ದು ನಿಜ. ಆದರೆ ಆ ಋತುವಿನಲ್ಲಿ ಕುರುಗೋಡಿನ ಗೋಲ್‌ಕೀಪರನಿಗೂ ಒಂದು ಬಿದ್ದಿದೆ. ನಾನೇ ಕಟ್ಟಿದ ಹೆಸರು ಅವನದು. ಅವನಿಗೆ ಎರಡನೆಯ ಎಸೆತವಿಲ್ಲ. ಶುದ್ಧವಾದ ಅಕ್ಷರದಲ್ಲಿ 'ನಿವೃತ್ತ' ಎಂದಿದೆ.

ಆಯ್ಕೆಗಾರರ ಮೇಲೆ ಇಷ್ಟು ವರ್ಷ ಹೊತ್ತ ಸಿಟ್ಟಿನಲ್ಲಿ ನಾನು ಮರೆತಿದ್ದ ಇನ್ನೊಂದು ಸಂಗತಿ ಆಗ ಎದುರಿಗೆ ಬಂದಿತು. ಮೂರು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಕಾಲೇಜೊಂದರಲ್ಲಿ ಕಬಡ್ಡಿ ತಂಡದ ಆಯ್ಕೆಗೆ ಕುಳಿತ ಮೂವರಲ್ಲಿ ನಾನೊಬ್ಬ. ಆಟ ತಿಳಿದು ಕುಳಿತವನಲ್ಲ. ಸಹಿಗೆ ಒಬ್ಬರು ಕಡಮೆಯಾಗಿದ್ದರು. ಕುರುಗೋಡಿನ ಕಡೆಯ ಹುಡುಗನೊಬ್ಬನು, ಎದುರಾಳಿಯ ಕಾಲು ಹಿಡಿಯುವುದರಲ್ಲಿ ತಂಡಕ್ಕೇ ಮೊದಲಿಗ, ಹಿಂದಿನ ವರ್ಷದ ಪ್ರವಾಸದ ಬಸ್ಸಿನ ಖರ್ಚು ಇನ್ನೂ ಬಂದಿಲ್ಲವೆಂದು ಎಲ್ಲರೆದುರಿಗೆ ಕೇಳಿದ್ದನು. "ಈ ಸಲ ಅವನಿಗೆ ವಿಶ್ರಾಂತಿ ಕೊಡೋಣ" ಎಂದರು ಒಬ್ಬರು. ಅದೇ ಮಾತು. ನಾನು ಅದನ್ನು ಗುರುತಿಸಲೂ ಇಲ್ಲ. ಘಂಟೆ ಬಾರಿಸಿತ್ತು, ಗದಾಯುದ್ಧದ ಪಾಠವಿತ್ತು. ಸಹಿ ಹಾಕಿ ಹೊರಟೆ.

ಈಚೆಗೆ ಒಂದು ಮದುವೆಗೆಂದು ಕುರುಗೋಡಿಗೆ ಹೋದೆ. ದೊಡ್ಡ ಬಸವೇಶ್ವರನ ಗುಡಿಯ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ನಿಂತಿದ್ದವನು ಅವನೇ. ಓಡಿ ಬಂದು, "ನಮಸ್ಕಾರ ಸರ್, ಚಾ ಕುಡೀರಿ" ಎಂದು ಅಂಗಡಿಗೆ ಕರೆದೊಯ್ದನು. ಕಬಡ್ಡಿ ಆಡುತ್ತೀಯಾ ಎಂದು ಕೇಳಿದೆ. "ಇಲ್ಲ ಸರ್, ಬಿಟ್ಟೆ. ಗದ್ದಿ ಕೆಲಸ ಭಾಳ ಐತಿ" ಎಂದನು. ಹೇಳಬೇಕೆಂದುಕೊಂಡದ್ದು ಗಂಟಲಲ್ಲಿ ಇತ್ತು. ಅವನು ಕೇಳುವ ಮುಖದಿಂದ ನನ್ನನ್ನೇ ನೋಡುತ್ತಿದ್ದನು. ಸಹಿಯ ವಿಷಯವನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸುತ್ತಿದ್ದು, "ಗೊತ್ತಿತ್ರಿ ಸರ್. ಹಾಳ್ಯಾಗ ನಿಮ್ಮ ಸಹಿ ನೋಡಿದ್ದೆ" ಎಂದನು. ಚಹಾದ ದುಡ್ಡನ್ನು ನಾನು ಕೊಡಹೋದರೆ ಬಿಡಲಿಲ್ಲ.